ಹೊಳೆಯ ಮಟ್ಟವೂ ಸರ್ವರಿನ ಕ್ಯಾಶೂ

ಮನೆಮನೆಗೂ ಮೊಬೈಲು ಬಾರದಿದ್ದ ಆ ಕಾಲದಲ್ಲಿ ಕೃಷ್ಣಾ ಹೊಳೆದಂಡೆಯ ಕುಡಚಿಯ ಇಂಟರ್ನೆಟ್ ಸೆಂಟರಿನಲ್ಲಿ ನಾವು ದೂರವಾಣಿಯ ಒಂದೇ ತಂತಿಗೆ 56 ಕಿಲೋಬಿಟ್‌ನ ಮೋಡೆಮ್ ಹಚ್ಚಿ, ಅದರ ಅಲ್ಪವೇಗವನ್ನೇ ಎಲ್ಲ ಕಂಪ್ಯೂಟರುಗಳಿಗೂ ಹಂಚುತ್ತಿದ್ದೆವು. ನಡುವೆ ಸ್ಕ್ವಿಡ್ ಎಂಬ ತಂತ್ರಾಂಶವಿದ್ದಿತು. ಒಮ್ಮೆ ತರಿಸಿದ ಪುಟವನ್ನೂ ಚಿತ್ರವನ್ನೂ ಅದು ಡಿಸ್ಕಿನಲ್ಲಿ ಸಂಗ್ರಹಿಸಿಟ್ಟು, ಮತ್ತೊಬ್ಬರು ಕೇಳಿದಾಗ ಅಲ್ಲಿಂದಲೇ ಒದಗಿಸುತ್ತಿತ್ತು; ಈ ಸಂಗ್ರಹಕ್ಕೆ ಕ್ಯಾಶ್ ಎಂದು ಹೆಸರು. ಪಿಯುಸಿ ಫಲಿತಾಂಶದ ದಿನ ಹೊಳೆಯಾಚೆಯ ಉಗಾರದಿಂದಲೂ ಹುಡುಗರು ನೋಂದಣಿ ಸಂಖ್ಯೆಯ ಚೀಟಿ ಹಿಡಿದು ಬರುತ್ತಿದ್ದರು. ಒಬ್ಬೊಬ್ಬರ ಅಂಕಗಳೂ ಬೇರೆಯಾದ್ದರಿಂದ ಅವನ್ನು ದೂರದಿಂದಲೇ ತರಿಸಬೇಕಾಗಿತ್ತಾದರೂ, ಸಂಖ್ಯೆ ತುಂಬುವ ಪುಟವೂ ಅದರ ಲಾಂಛನವೂ ಎಲ್ಲರಿಗೂ ಒಂದೇ. ಕ್ಯಾಶಿನಿಂದಲೇ ಒದಗಿತೆಂದು ಸೂಚಿಸುವ ‘ಟಿಸಿಪಿ ಹಿಟ್’ ಎಂಬ ಸಾಲುಗಳು ಸ್ಕ್ವಿಡ್ಡಿನ ಲಾಗಿನಲ್ಲಿ ಹೆಚ್ಚಿದಷ್ಟೂ ಬಾಗಿಲ ಹೊರಗಿನ ಸರತಿ ಬೇಗ ಕರಗುತ್ತಿತ್ತು.

ಒಂದು ಪುಟವನ್ನು ಎಷ್ಟು ಕಾಲ ಇಟ್ಟುಕೊಳ್ಳಬಹುದೆಂದು ಮೂಲದ ಸರ್ವರೇ ತಿಳಿಸುವ ‘ಕ್ಯಾಶ್-ಕಂಟ್ರೋಲ್’ ಎಂಬ ಸೂಚನೆಯು 1997ರ ಎಚ್‌ಟಿಟಿಪಿ 1.1ರ ನಿಯಮಗಳಲ್ಲಿಯೇ ಇದ್ದಿತು. ಅದನ್ನು ಕಳುಹಿಸದ ತಾಣಗಳ ವಿಷಯದಲ್ಲಿ ಸ್ಕ್ವಿಡ್ಡು, ಪುಟವು ಎಷ್ಟು ದಿನದಿಂದ ಬದಲಾಗಿಲ್ಲವೆಂಬುದನ್ನು ನೋಡಿ, ಆ ಅವಧಿಯ ಐದನೆಯ ಒಂದು ಪಾಲಿನಷ್ಟು ಕಾಲ ಅದನ್ನು ನಂಬುತ್ತಿತ್ತು.

ಮುಂದೆ ಸೆಂಟರುಗಳು ಝೆರಾಕ್ಸ್ ಅಂಗಡಿಗಳಾದವು. ನಾನು ಸರ್ವರುಗಳನ್ನು ನೋಡಿಕೊಳ್ಳುವ ವೃತ್ತಿಗೆ ತಿರುಗಿದೆನು. 2019ರ ಆಗಸ್ಟಿನಲ್ಲಿ ಕೊಯ್ನಾ ಜಲಾಶಯದಿಂದ ಬಿಟ್ಟ ನೀರೂ ಘಟ್ಟದ ಮಳೆಯೂ ಕೂಡಿ ಕೃಷ್ಣೆ ಉಕ್ಕಿ, ಕುಡಚಿ-ಉಗಾರ ಸೇತುವೆ ಮುಳುಗಿದ್ದಾಗ, ಹೊಳೆದಂಡೆಯ ಹಿರಿಯರೊಬ್ಬರು ನೀರಿನ ಮಟ್ಟ ತೋರಿಸುವ ತಾಣವನ್ನು ಮೊಬೈಲಿನಲ್ಲಿ ತೆರೆದು ನನ್ನ ಮುಂದೆ ಹಿಡಿದು, “ಇದು ಮುಂಜಾನೀದು ಐತ್ರಿ, ಈಗಿಂದು ಹೇಳ್ರಿ” ಎಂದರು. ಆ ತಾಣದವರು ಲಾಂಛನಕ್ಕೂ ನೀರಿನ ಮಟ್ಟಕ್ಕೂ ಒಂದೇ ಕ್ಯಾಶ್ ಅವಧಿಯನ್ನು ವಿಧಿಸಿದ್ದರು. ದನಕರುಗಳನ್ನು ಯಾವಾಗ ಬಿಚ್ಚಿ ಹೊರಡಬೇಕೆಂದು ನಿಶ್ಚಯಿಸುವ ಮನುಷ್ಯನಿಗೆ ಹಳೆಯ ಅಂಕಿಯನ್ನು ತೋರಿಸುವುದಕ್ಕಿಂತ ಏನನ್ನೂ ತೋರಿಸದಿರುವುದೇ ಮೇಲೆಂದು ನಾನು ದೃಢವಾಗಿ ನಂಬಿದ್ದೇನೆ.

ಈಗ ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶದ ಸಂರಚನಾ ಕಡತದಲ್ಲಿ ನಾನು ಪ್ರತಿಯೊಂದನ್ನೂ ಪ್ರತ್ಯೇಕಿಸಿಯೇ ಬರೆಯುತ್ತೇನೆ: ಚಿತ್ರಗಳಿಗೆ ಒಂದು ವರ್ಷ, ಚಿತ್ರ ಬದಲಾದರೆ ಕಡತಕ್ಕೆ ಹೊಸ ಹೆಸರು, ಸುದ್ದಿಗೆ ಕೆಲವೇ ನಿಮಿಷ, ಹೊಳೆಯ ಮಟ್ಟದಂಥ ಪುಟಕ್ಕೆ ಮಾತ್ರ ‘ನೋ-ಕ್ಯಾಶ್’. ಇದರಿಂದ ಮೊಬೈಲು ಆ ಪುಟವನ್ನು ಇಟ್ಟುಕೊಂಡಿದ್ದರೂ ಪ್ರತಿಸಲ ಸರ್ವರನ್ನು ವಿಚಾರಿಸದೆ ತೋರಿಸುವುದಿಲ್ಲ. ಮಟ್ಟ ಬದಲಾಗಿಲ್ಲವಾದರೆ ಸರ್ವರು ಪುಟವನ್ನು ಮತ್ತೆ ಕಳುಹಿಸದೆ ‘304’ ಎಂಬ ಚಿಕ್ಕ ಉತ್ತರವನ್ನಷ್ಟೇ ಕೊಡುತ್ತದೆ, ಮಳೆಯಲ್ಲಿ ಕ್ಷೀಣಿಸಿದ ಸಿಗ್ನಲ್ಲಿಗೂ ಅದು ಭಾರವಾಗುವುದಿಲ್ಲ.