ಗಂಗೂಬಾಯಿಯವರಿಗೆ ತಕ್ಕ ಸ್ಪೀಕರ್

ಸ್ಪೀಕರ್ ಕೊಳ್ಳಲು ಹೊರಟವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಗಂಗೂಬಾಯಿ ಹಾನಗಲ್ ಅವರ ಹಾಡನ್ನು ಜೊತೆಗೆ ಒಯ್ಯಿರಿ. ಒಂದು ಪೆನ್ ಡ್ರೈವ್ ಸಾಕು. ಅಂಗಡಿಯವರು ತಾವಾಗಿ ಹಾಕುವುದು ಡ್ರಮ್ಮು ಗುಡುಗುವ, ಗಾಜು ಒಡೆಯುವ, ಹೆಲಿಕಾಪ್ಟರ್ ನೆತ್ತಿಯ ಮೇಲೆ ಹಾದುಹೋಗುವ ತುಣುಕುಗಳನ್ನು. "ಬಾಸ್ ಕೇಳಿ ಸರ್, ಎದೆಗೇ ಬಂದು ಗುದ್ದುತ್ತೆ" ಅನ್ನುತ್ತಾರೆ. ಗುದ್ದುತ್ತದೆ, ನಿಜ. ಆದರೆ ಹೆಲಿಕಾಪ್ಟರಿನ ಸದ್ದು ಸರಿಯಾಗಿ ಬಂತೋ ಇಲ್ಲವೋ ಎಂದು ತೀರ್ಪು ಕೊಡುವಷ್ಟು ಅದರ ಒಡನಾಟ ನಮಗೆಲ್ಲಿದೆ? ಮನುಷ್ಯರ ದನಿ ಹಾಗಲ್ಲ. ಹುಟ್ಟಿದಂದಿನಿಂದ ಕೇಳುತ್ತಿದ್ದೇವೆ. ಫೋನಿನಲ್ಲಿ 'ಹಲೋ' ಅಂದರೆ ಸಾಕು, ಅಣ್ಣನಿಗೆ ನೆಗಡಿ ಆಗಿದೆ ಎಂದು ಗೊತ್ತಾಗಿಬಿಡುತ್ತದೆ.

ಅದರಲ್ಲೂ ಗಂಗೂಬಾಯಿಯವರ ದನಿಯೇ ಏಕೆಂದರೆ, ಹೆಣ್ಣುದನಿ ಇಷ್ಟು ಎತ್ತರದಲ್ಲಿರುತ್ತದೆ ಎಂದು ನಾವು ಅಂದುಕೊಂಡ ಜಾಗದಲ್ಲಿ ಅದಿಲ್ಲ. ಗಂಟಲಿನ ಚಿಕಿತ್ಸೆಯ ನಂತರ ಕೆಳಗಿಳಿದು, ಗಡುಸಾಗಿ, ಗಂಡುದನಿಯ ತೂಕ ಪಡೆದದ್ದು. ಟ್ರೆಬಲ್ ಮೆರೆಸುವ ಸ್ಪೀಕರಿನಲ್ಲಿ ಆ ತೂಕವೆಲ್ಲ ಸೋರಿಹೋಗಿ ದನಿ ತೆಳ್ಳಗಾಗುತ್ತದೆ. ಬಾಸ್ ಉಬ್ಬಿಸಿದ ಸ್ಪೀಕರಿನಲ್ಲಿ ತಾನಿನ ಒಂದೊಂದು ಸ್ವರವೂ ಪಕ್ಕದ ಸ್ವರದೊಳಗೆ ಮುಳುಗುತ್ತದೆ. ಒಳ್ಳೆಯ ಜೋಡಿಯಲ್ಲಿ ಮಾತ್ರ ಷಡ್ಜಕ್ಕೆ ಬಂದು ನಿಲ್ಲುವ ಮುಂಚಿನ ಉಸಿರೂ ಕೇಳುತ್ತದೆ, ನಿಂತ ಮೇಲಿನ ಗಟ್ಟಿತನವೂ ಕೇಳುತ್ತದೆ.

ದನಿಯನ್ನು ಒರೆಗಲ್ಲಾಗಿ ಇಟ್ಟುಕೊಂಡವರಲ್ಲಿ ಬಿಬಿಸಿಯ ಎಂಜಿನಿಯರುಗಳು ಪ್ರಸಿದ್ಧರು. 1970ರ ದಶಕದಲ್ಲಿ ಅವರಿಗೆ ಹೊರಾಂಗಣ ಪ್ರಸಾರದ ವ್ಯಾನಿನೊಳಗೆ ಹಿಡಿಸುವಷ್ಟು ಚಿಕ್ಕ ಸ್ಪೀಕರ್ ಬೇಕಾಗಿತ್ತು. ಹಾಗೆ ಹುಟ್ಟಿದ್ದು ಎಲ್‌ಎಸ್3/5ಎ. ಎತ್ತರ ಒಂದಡಿ, ಅಷ್ಟೇ. ತೆಳು ಪ್ಲೈವುಡ್ಡಿನ ಪೆಟ್ಟಿಗೆ, ಅದರ ಗೋಡೆ ಅದುರದಂತೆ ಒಳಗೆ ಅಂಟಿಸಿದ ಡಾಂಬರಿನ ಹಾಳೆ, ಕೆಇಎಫ್ ಕಂಪನಿಯ, ತಗ್ಗಿನ ಸ್ವರಗಳಿಗೆ ಒಂದು ವೂಫರ್, ಮೇಲಿನವಕ್ಕೆ ಒಂದು ಟ್ವೀಟರ್. ಸ್ಟುಡಿಯೋದಲ್ಲಿ ಮಾತಾಡುವವರ ದನಿಯನ್ನು ನೇರವಾಗಿ ಕೇಳಿ, ಅದೇ ದನಿಯನ್ನು ಸ್ಪೀಕರಿನಲ್ಲಿ ಕೇಳಿ, ಎರಡಕ್ಕೂ ಎಲ್ಲಿ ವ್ಯತ್ಯಾಸ ಎಂದು ಹುಡುಕುವುದು ಅಲ್ಲಿನವರ ರೂಢಿಯಾಗಿತ್ತು. ಇಷ್ಟು ವರ್ಷವಾದರೂ ಆ ಪುಟ್ಟ ಪೆಟ್ಟಿಗೆಯನ್ನು ಹುಡುಕಿ ಕೊಳ್ಳುವವರಿದ್ದಾರೆ.

ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ನನ್ನ ಅಕ್ಕ ಪೇಪರ್ ಓದುವುದನ್ನು ಫೋನಿನಲ್ಲಿ ಹತ್ತಿರದಿಂದ ರೆಕಾರ್ಡ್ ಮಾಡಿಕೊಂಡೆ. ಆಮೇಲೆ ಅವಳನ್ನು ಎರಡು ಸ್ಪೀಕರುಗಳ ನಡುವೆ ನಿಲ್ಲಿಸಿ ಅದೇ ಸುದ್ದಿ ಓದಿಸಿದೆ. ಅವಳು ನಿಲ್ಲಿಸಿದ ಕೂಡಲೇ ರೆಕಾರ್ಡಿಂಗ್ ಹಾಕಿದೆ. "ಸರ್ಕಾರ", "ಸಂಸತ್ತು" ಎನ್ನುವಾಗಿನ 'ಸ'ಕಾರ ಸ್ಪೀಕರಿನಲ್ಲಿ ಚುಚ್ಚುತ್ತಿತ್ತು. "ನನ್ನ ದನಿ ಹೀಗಿಲ್ಲಪ್ಪ" ಎಂದಳು. ಅಡುಗೆಮನೆಯಿಂದ ಬಂದ ಭಾವ "ಇಲ್ಲ, ಹೀಗಿಲ್ಲ" ಎಂದರು. ಫೋನಿನ ಮೈಕು ಸ್ಟುಡಿಯೋದ ಮೈಕಲ್ಲ, ಒಪ್ಪುತ್ತೇನೆ. ಆದರೆ ಅದೇ ರೆಕಾರ್ಡಿಂಗನ್ನು ಇನ್ನೊಂದು ಜೋಡಿಯಲ್ಲಿ ಹಾಕಿದಾಗ ಆ ಚುಚ್ಚು ಇರಲಿಲ್ಲ. ಅಕ್ಕ ಅಕ್ಕನಾಗಿಯೇ ಕೇಳಿದಳು. ತಪ್ಪು ಯಾರದೆಂದು ತಿಳಿಯಲು ಅಷ್ಟು ಸಾಕು.

ಚುಚ್ಚುವುದಕ್ಕೆ ಕಾರಣವಿದೆ. ನಮ್ಮ ಕಿವಿ ಅತಿ ಸೂಕ್ಷ್ಮವಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ಅಲ್ಲಿ ಸ್ವಲ್ಪ ಏರಿಸಿಟ್ಟ ಸ್ಪೀಕರ್ ಅಂಗಡಿಯಲ್ಲಿ ಮೊದಲ ಐದು ನಿಮಿಷ ಬಹಳ 'ಕ್ಲಿಯರ್' ಅನ್ನಿಸುತ್ತದೆ. ಮನೆಗೆ ತಂದ ಮೇಲೆ ಅರ್ಧ ಗಂಟೆಗೆ ಯಾಕೋ ವಾಲ್ಯೂಮ್ ತಗ್ಗಿಸೋಣ ಅನ್ನಿಸುತ್ತದೆ. ಸಂಗೀತ ಬೇಸರವಾಯಿತೇನೋ ಎಂದುಕೊಳ್ಳುತ್ತೇವೆ, ದಣಿದದ್ದು ಕಿವಿ. ಆದ್ದರಿಂದ ಅಂಗಡಿಯಲ್ಲಿ ವಿಲಂಬಿತ್ ಖಯಾಲನ್ನು ಪೂರ್ತಿ ಕೇಳಬೇಕು. ಕೂರಲು ಬಿಡದ ಅಂಗಡಿಯಲ್ಲಿ ಕೊಳ್ಳಬಾರದು.

ಎರಡು ಜೋಡಿ ಹೋಲಿಸುವಾಗ ವಾಲ್ಯೂಮ್ ಸಮ ಇರಲಿ. ಜೋರಾದದ್ದು ತುಂಬಿಬಂದಂತೆ ಕೇಳುವುದು ಕಿವಿಯ ಸ್ವಭಾವ; ಸದ್ದು ತಗ್ಗಿದಷ್ಟೂ ಕಿವಿಗೆ ಬಾಸ್ ಕಡಿಮೆಯಾಗುತ್ತದೆಂದು ಫ್ಲೆಚರ್ ಮತ್ತು ಮನ್ಸನ್ ಎಂಬ ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದರು. ಸಾಧ್ಯವಾದರೆ ಸ್ಪೀಕರುಗಳನ್ನು ತೆಳು ಪರದೆಯ ಹಿಂದಿಟ್ಟು ಕೇಳಿ. ಕೆನಡಾದಲ್ಲಿ ಫ್ಲಾಯ್ಡ್ ಟೂಲ್ ಎಂಬ ಸಂಶೋಧಕರು ಇಂಥ ಪರೀಕ್ಷೆಗಳನ್ನು ವರ್ಷಗಟ್ಟಲೆ ನಡೆಸಿದರು. ಹೆಸರು, ಬೆಲೆ, ಪಾಲಿಶ್ ಕಾಣದಿದ್ದಾಗ ಬೇರೆಬೇರೆ ಜನರ ಆಯ್ಕೆ ಹೆಚ್ಚುಕಡಿಮೆ ಒಂದೇ ಆಗಿರುತ್ತಿತ್ತು: ಯಾವ ಸ್ವರವನ್ನೂ ಮೆರೆಸದ, ಯಾವುದನ್ನೂ ಅಡಗಿಸದ ಸ್ಪೀಕರ್. ಇನ್ನು ವ್ಯಾಟಿನ ಲೆಕ್ಕ. ವ್ಯಾಟ್ ದುಪ್ಪಟ್ಟಾದರೂ ಸದ್ದು ಏರುವುದು 3 ಡೆಸಿಬೆಲ್ ಮಾತ್ರ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಚಿಕ್ಕ ಸ್ಪೀಕರಿನಲ್ಲಿ ತಂಬೂರಿ ಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಗಂಡಸರ ಶ್ರುತಿಯ ತಂಬೂರಿಯಲ್ಲಿ ಖರಜದ, ಅಂದರೆ ಮಂದ್ರ ಷಡ್ಜದ, ತಂತಿ ಮಿಡಿಯುವುದು ಸುಮಾರು 70 ಹರ್ಟ್ಸಿನಲ್ಲಿ. ಒಂದಡಿಯ ಪೆಟ್ಟಿಗೆ ಅಲ್ಲಿಗೆ ಬರುವಷ್ಟರಲ್ಲಿ ಸೋತಿರುತ್ತದೆ. ಆದರೂ ಖರಜ ಕೇಳುತ್ತದೆ! ತಂತಿಗಳನ್ನು ಹೊತ್ತ ಕುದುರೆಯ ಮೇಲೆ ತಂತಿಯಡಿ ಸಿಕ್ಕಿಸಿದ ಜೀವಾಳದ ನೂಲು ಮೇಲಿನ ಅನುಸ್ವರಗಳನ್ನು, 140, 210, 280 ಹರ್ಟ್ಸ್ ಹೀಗೆ, ಒಂದರ ಮೇಲೊಂದು ಎಬ್ಬಿಸುತ್ತದೆ. ಅವುಗಳ ನಡುವಿನ ಅಂತರದಿಂದಲೇ ನಮ್ಮ ಮಿದುಳು ಕೆಳಗಿನ ಸ್ವರವನ್ನು ಕಟ್ಟಿಕೊಳ್ಳುತ್ತದೆ. ಸರ್ ಸಿ.ವಿ. ರಾಮನ್ 1921ರಲ್ಲಿ ತಂಬೂರಿ, ವೀಣೆಗಳ ಈ ಕುದುರೆಯ ಗುಟ್ಟನ್ನು ಕುರಿತೇ ಬರೆದಿದ್ದರು. ಆದ್ದರಿಂದ ಚಿಕ್ಕ ಕೋಣೆಗೆ ಮಧ್ಯದ ಸ್ವರಗಳು ಶುದ್ಧವಾಗಿರುವ ಚಿಕ್ಕ ಪೆಟ್ಟಿಗೆಯೇ ಮೇಲು. ಮೃದಂಗದ ಎಡಬದಿಯ ಗುಮುಕಿ ಪೂರ್ತಿ ಬೇಕೆನ್ನುವವರಿಗೆ ಮಾತ್ರ ದೊಡ್ಡದು ಬೇಕು, ಅದಕ್ಕೆ ತಕ್ಕ ದೊಡ್ಡ ಕೋಣೆಯೂ ಬೇಕು.

ಕೋಣೆಯ ಮಾತು ಬಂದಾಗ ನಮ್ಮ ಮನೆಗಳ ಕಷ್ಟ ಎದುರಾಗುತ್ತದೆ: ಮೇಲೆ ಆರ್‌ಸಿಸಿ, ಕೆಳಗೆ ಟೈಲ್ಸ್, ಸುತ್ತ ಬರಿಗೋಡೆ. ಚಪ್ಪಾಳೆ ತಟ್ಟಿದರೆ ಕೋಣೆ ಝಣ್ ಎನ್ನುತ್ತದೆ. ಮೂಲೆಗೆ ತಳ್ಳಿದ ಸ್ಪೀಕರಿನಲ್ಲಿ ಬಾಸ್ ಉಬ್ಬುತ್ತದೆ. ಗೋಡೆಯಿಂದ ಒಂದೊಂದೇ ಗೇಣು ಮುಂದೆ ಎಳೆಯುತ್ತ ಬಂದರೆ ಒಂದು ಕಡೆ ಗಂಗೂಬಾಯಿಯವರ ದನಿ ಬಿಡಿಸಿಕೊಂಡು ನಿಲ್ಲುತ್ತದೆ. ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಟ್ವೀಟರ್ ಕೂತವರ ಕಿವಿಯ ಮಟ್ಟಕ್ಕಿರಲಿ. ದುಬಾರಿ ಕೇಬಲ್ಲಿಗೆ ಎತ್ತಿಟ್ಟ ದುಡ್ಡಿನಲ್ಲಿ ಒಂದು ನವಲಗುಂದದ ಜಮಖಾನ ತನ್ನಿ, ಅಡಿಗೆ ದಪ್ಪ ಕಂಬಳಿ ಹಾಸಿ ಸ್ಪೀಕರಿಗೂ ಸೋಫಾಕ್ಕೂ ನಡುವೆ ಹರಡಿ. ಸೋಫಾ ಹಿಂದಿನ ಗೋಡೆಗೆ ಅಂಟಿದ್ದರೆ ಅದನ್ನೂ ಒಂದಡಿ ಮುಂದಕ್ಕೆ ಎಳೆಯಿರಿ.