ಪ್ಲಾಸ್ಟಿಕ್ ಅಲ್ಲದ ಮುಖ

ಪ್ಲಾಸ್ಟಿಕ್ ಎಂದರೆ ನಮಗೆ ಬಕೆಟ್ಟು, ಬಾಚಣಿಗೆ, ಹಾಸ್ಟೆಲಿನ ಕುರ್ಚಿ. ಫಿಲಿಪೀನ್ಸಿನ ತರುಣರ ಬಾಯಲ್ಲಿ ಅದೊಂದು ಬೈಗುಳ. ಒಳಗೊಂದು ಹೊರಗೊಂದು ಇರುವವನನ್ನು ಅವರು 'ಪ್ಲಾಸ್ಟಿಕ್' ಎನ್ನುತ್ತಾರೆ. ಯೂಟ್ಯೂಬು, ಟಿಕ್‌ಟಾಕುಗಳಲ್ಲಿ ನಿತ್ಯ ಮುಖ ತೋರಿಸಿ ಬದುಕುವವರಿಗೆ ಇದಕ್ಕಿಂತ ಕೆಟ್ಟ ಬಿರುದು ಇರಲಾರದು. 2019ರಲ್ಲಿ ಒಂದು ಹಾಡಿಗೆ ಹೆಜ್ಜೆಹಾಕಿ ಅಲ್ಲಿ ಮನೆಮಾತಾದ ಮಿಮಿಯೂ ಅವರನ್ನೇ ನೋಡಿ: ಮಾತಿನಲ್ಲಿ ನಯವಿಲ್ಲ, ನಗೆಗೆ ಸಂಕೋಚವಿಲ್ಲ. ಜನ ಮೆಚ್ಚಿದ್ದು ಅದನ್ನೇ. ತಿದ್ದಿ ತೀಡಿದ ಮುಖಗಳಿಗೆ ಅಲ್ಲಿನ ದೂರದರ್ಶನದಲ್ಲಿ ಬರವೇನು?

ಈ ರುಚಿ ಎಲ್ಲಿಂದ ಬಂತು? ಪಂಡಿತರು ಏನಾದರೂ ಹೇಳಲಿ, ನನಗೆ ತೋರುವ ಉತ್ತರ ಸಂತೆಯದು. ತಗಾಲೋಗ್ ಭಾಷೆಯಲ್ಲಿ 'ಸುಕಿ' ಎಂಬ ಮಾತಿದೆ. ಮೀನು ಮಾರುವವಳೂ ಸುಕಿ, ತಪ್ಪದೆ ಅವಳಲ್ಲೇ ಕೊಳ್ಳುವವನೂ ಸುಕಿ. ನಮ್ಮಜ್ಜಿ ಹಾಲಿನವಳನ್ನು 'ವರ್ತನೆಯವಳು' ಎನ್ನುತ್ತಿದ್ದಳಲ್ಲ, ಹೆಚ್ಚುಕಡಿಮೆ ಹಾಗೆ. ಅವಳು ಲಾಭವಿಲ್ಲದೆ ಮಾರುತ್ತಾಳೆಂದು ಯಾರೂ ನಂಬಿಲ್ಲ. ಆದರೆ ನಾಳೆಯೂ ಅವಳು ಅಲ್ಲೇ ಕುಳಿತಿರುತ್ತಾಳೆ. ಕೊಳೆತ ಮೀನು ಕೊಟ್ಟರೆ ಎದುರಿಗೆ ನಿಂತು ಕೇಳಬಹುದು. ತೆರೆಯ ಮೇಲಿನವರಲ್ಲೂ ಆ ತರುಣರು ಬಯಸುವುದು ಇಷ್ಟೆ: ಸೋಪಿನ ಕಂಪೆನಿಯಿಂದ ಹಣ ಪಡೆದಿದ್ದರೆ ಪಡೆದೆ ಎನ್ನಲಿ, ಸೋಪು ಚೆನ್ನಾಗಿಲ್ಲದಿದ್ದರೆ ಅದನ್ನೂ ಹೇಳಲಿ.

ಇನ್ನೊಂದು ಕಾರಣವೂ ಇದೆ. 1974ರ ಕಾರ್ಮಿಕ ಸಂಹಿತೆಯ ಕಾಲದಿಂದ ಹೊರದೇಶದ ದುಡಿಮೆಗೆ ಜನರನ್ನು ಕಳಿಸುವುದು ಆ ದೇಶದ ಸರ್ಕಾರದ ನೀತಿಯೇ ಆಯಿತು. ಹಾಂಗ್‌ಕಾಂಗಿನಲ್ಲೋ ದುಬೈಯಲ್ಲೋ ಪರರ ಮನೆಯಲ್ಲಿ ದುಡಿಯುವ ತಾಯಿಯ ಮುಖವನ್ನು ಎಷ್ಟೋ ಮಕ್ಕಳು ಫೋನಿನಲ್ಲೇ ನೋಡಿ ಬೆಳೆಯುತ್ತಾರೆ. ಅವಳು "ಚೆನ್ನಾಗಿದ್ದೇನೆ" ಎಂದಾಗ ನಿಜವೋ ಅಲ್ಲವೋ ಎಂದು ಕಣ್ಣಿನಲ್ಲೇ ಓದಬೇಕು. ತೆರೆಯ ಮೇಲಿನ ಮುಖವನ್ನು ಓದುವ ಆ ವಿದ್ಯೆಯನ್ನು ಅವರಿಗೆ ಯಾವ ಕಾಲೇಜೂ ಕಲಿಸಬೇಕಾಗಿಲ್ಲ.

ಆದರೂ ಮೋಸಹೋಗುತ್ತಾರೆ. ಠಕ್ಕಿಗೆ ಅಲ್ಲಿ 'ಬುದೋಲ್' ಎಂದು ಹೆಸರು. ಯಾರದೋ ಮಾತಿಗೆ ಮರುಳಾಗಿ ಬೇಡದ ಸಾಮಾನು ಕೊಂಡವರು ಆ ಮಾತನ್ನೇ ಆಡಿ ನಗುತ್ತಾರೆ. ನಗಲಾಗದ ಠಕ್ಕೂ ಉಂಟು. ಜೊನಾಥನ್ ಓಂಗ್ ಮತ್ತು ಜೇಸನ್ ಕಬಾನ್ಯೆಸ್ ಎಂಬ ವಿದ್ವಾಂಸರು 2018ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಜಾಹೀರಾತಿನ ಕಸುಬಿನವರೇ ರಾಜಕಾರಣಿಗಳ ಪರವಾಗಿ ಸುಳ್ಳು ಹೆಸರಿನ ಖಾತೆಗಳನ್ನು ನಡೆಸಿ, ಸಾಮಾನ್ಯ ಜನರೇ ಮಾತಾಡುತ್ತಿರುವಂತೆ ತೋರಿಸುತ್ತಿದ್ದರು. ಸಹಜತೆಗೂ ಸಂಬಳ ಗೊತ್ತಾಯಿತು!

ಹಾಗೆಂದು ಆ ತರುಣರನ್ನು ಮುಗ್ಧರೆಂದು ನಗುವವರ ಗುಂಪಿಗೆ ನಾನು ಸೇರೆ. ಸಂತೆಯಲ್ಲಿ ಒಮ್ಮೆ ಮೋಸಹೋದವನಿಗೆ ಮರುದಿನವೂ ಮೀನು ಬೇಕು. ಅವನು ಪಕ್ಕದ ಬುಟ್ಟಿಯ ಮುಂದೆ ಕುಕ್ಕರಿಸಿ, ಕಿವಿರು ಎತ್ತಿ, ಕೆಂಪಗಿದೆಯೇ ಎಂದು ನೋಡುತ್ತಾನೆ.