ಬಾಂದ್ರಾ ಕೋಟೆಯ ಒಂದು ಸಂಜೆ ಮತ್ತು ನನ್ನ ಹಳೆಯ ಜಿ10

ಕಳೆದ ಚಳಿಗಾಲದಲ್ಲಿ ಆಫೀಸಿನ ಕೆಲಸಕ್ಕೆಂದು ಪುಣೆಯಿಂದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿಗೆ ಹೋಗಿದ್ದೆ. ಗುರುವಾರ, ಶುಕ್ರವಾರ ಎರಡೂ ದಿನ ಗಾಜಿನ ಕಟ್ಟಡದೊಳಗೇ ಕಳೆದವು. ಶನಿವಾರ ಪೂರ್ತಿ ಬಿಡುವು, ರಾತ್ರಿ ಬಸ್ಸು. ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಹದಿನೈದು ವರ್ಷ ಹಳೆಯ ಒಂದು ಕ್ಯಾಮೆರಾ ಇತ್ತು. ಹೊಸ ಬ್ಯಾಟರಿ ತರಿಸಿ, ಬೇಕೆಂದೇ ಹಾಕಿಕೊಂಡು ಬಂದಿದ್ದೆ. ಅದರಲ್ಲೇ ಹಿಂದೊಮ್ಮೆ ತೆಗೆದ ಒಂದು ಫೋಟೋದ ಜಾಗವನ್ನು ಮತ್ತೆ ನೋಡಬೇಕಿತ್ತು.

ಬಾಂದ್ರಾ ಸ್ಟೇಷನ್ನಿನ ಪಶ್ಚಿಮಕ್ಕೆ ಇಳಿದರೆ ಮೊದಲು ಸಿಗುವುದು ರಿಕ್ಷಾಗಳ ಸಂತೆ. ಇಲ್ಲಿಂದ ದಕ್ಷಿಣಕ್ಕೆ, ಮಾಹಿಮ್ ದಾಟಿ ಹಳೆಯ ಮುಂಬಯಿಯೊಳಗೆ, ರಿಕ್ಷಾಗಳಿಗೆ ಪ್ರವೇಶವಿಲ್ಲ. ಆ ಲೆಕ್ಕದಲ್ಲಿ ಬಾಂದ್ರಾ ಒಂದು ಗಡಿ ಊರು. ಮರಾಠಿ ಫಲಕದಲ್ಲಿ ‘ವಾಂದ್ರೆ’, ನಮ್ಮ ಬಾಯಲ್ಲಿ ಬಾಂದ್ರಾ. ರಿಕ್ಷಾ ಬೇಡವೆಂದು ನಡೆದೇ ಹೊರಟೆ.

2009ರಲ್ಲಿ ಎಂಸಿಎ ಮುಗಿಸಿ ಮುಂಬಯಿಗೆ ಬಂದವನು ನಾನು. ಆರು ತಿಂಗಳ ಸಂಬಳದಲ್ಲಿ ಉಳಿಸಿದ್ದೆಲ್ಲವನ್ನೂ ತೆಗೆದುಕೊಂಡು ಬೋರಾ ಬಜಾರಿನ ಒಂದು ಅಂಗಡಿಗೆ ಹೋಗಿದ್ದೆ. ಬೇಕಾಗಿದ್ದದ್ದು ಕ್ಯಾನನ್ ಕಂಪನಿಯ ಪವರ್‌ಶಾಟ್ ಜಿ ಸರಣಿಯ ಕ್ಯಾಮೆರಾ. ದೊಡ್ಡ ಡಿಎಸ್‌ಎಲ್‌ಆರ್ ಹೊರಲಾರದವರಿಗೆ, ಆದರೆ ಸಾದಾ ಕ್ಯಾಮೆರಾದಲ್ಲಿ ತೃಪ್ತಿಯಿಲ್ಲದವರಿಗೆ ಮಾಡಿದ ಸರಣಿ ಅದು. 2000ದಲ್ಲಿ ಜಿ1 ಬಂದಾಗ ಅದಕ್ಕೆ ಇದ್ದದ್ದು 3.3 ಮೆಗಾಪಿಕ್ಸೆಲ್, ಬೆಳಕನ್ನು ಧಾರಾಳವಾಗಿ ಒಳಗೆ ಬಿಡುವ ಎಫ್/2 ಲೆನ್ಸು, ಹೇಗೆ ಬೇಕಾದರೂ ತಿರುಗುವ ಪರದೆ. ಮುಂದೆ ಜಿ2, ಜಿ3 ಬಂದವು. ಜಿ4 ಬರಲೇ ಇಲ್ಲ. ಜಪಾನಿ ಭಾಷೆಯಲ್ಲಿ ನಾಲ್ಕು ಎಂಬ ಸಂಖ್ಯೆಯ ಉಚ್ಚಾರ ಸಾವು ಎಂಬ ಪದವನ್ನು ಹೋಲುವುದರಿಂದ ಅದನ್ನು ಬಿಟ್ಟರು ಎಂದು ಹವ್ಯಾಸಿಗಳು ಹೇಳುತ್ತಾರೆ. 2004ರ ಜಿ6ರ ಹೊತ್ತಿಗೆ 7 ಮೆಗಾಪಿಕ್ಸೆಲ್ ಆಗಿತ್ತು.

2006ರ ಜಿ7 ನೋಡಲು ಬಲು ಚೆಂದ, ಕಪ್ಪು ಲೋಹದ ಮೈ. ಆದರೆ ತಿರುಗುವ ಪರದೆ ಹೋಯಿತು, ಎಫ್/2 ಲೆನ್ಸು ಹೋಯಿತು, ‘ರಾ’ ಎನ್ನುವ ಕಚ್ಚಾ ಕಡತ ಉಳಿಸುವ ಸೌಲಭ್ಯವೂ ಹೋಯಿತು. ಬಳಸುವವರು ಸಿಟ್ಟಾದರು. ಮರುವರ್ಷದ ಜಿ9ರಲ್ಲಿ ಕಚ್ಚಾ ಕಡತ ಮರಳಿ ಬಂತು, ಮೆಗಾಪಿಕ್ಸೆಲ್ 12ಕ್ಕೆ ಏರಿತು. 2008ರ ಜಿ10ರಲ್ಲಿ 14.7. ಆಮೇಲೆ ಆದದ್ದು ವಿಚಿತ್ರ. 2009ರ ಆಗಸ್ಟಿನಲ್ಲಿ ಬಂದ ಜಿ11ರಲ್ಲಿ ಅದು 10ಕ್ಕೆ ಇಳಿಯಿತು!

ನಾನು ಅಂಗಡಿಗೆ ಹೋದಾಗ ಎರಡೂ ಪಕ್ಕಪಕ್ಕದಲ್ಲಿದ್ದವು. ಹೊಸ ಜಿ11ಕ್ಕೆ ಬೆಲೆ ಜಾಸ್ತಿ, ಹಳೆಯ ಜಿ10ಕ್ಕೆ ಕಡಿಮೆ. ಸಾಫ್ಟ್‌ವೇರಿನವನ ತಲೆ ನೋಡಿ, 14.7 ಎಂಬುದು 10ಕ್ಕಿಂತ ದೊಡ್ಡದು, ಬೆಲೆಯೂ ಕಡಿಮೆ. ಅಂಗಡಿಯವನಿಗೇ ಟೋಪಿ ಹಾಕಿದೆ ಎಂಬ ಹೆಮ್ಮೆಯಲ್ಲಿ ಜಿ10 ಕೊಂಡು ಬಂದೆ.

ಹಿಲ್ ರೋಡಿನ ಬಟ್ಟೆ ಅಂಗಡಿಗಳ ಗದ್ದಲ ಬಿಟ್ಟು ಚಾಪೆಲ್ ರೋಡಿಗೆ ತಿರುಗಿದೆ. ಇಲ್ಲಿ ಬಾಂದ್ರಾ ಹಳ್ಳಿಯಾಗಿದ್ದ ಕಾಲದ ತುಣುಕುಗಳು ಇನ್ನೂ ಇವೆ. ಈಸ್ಟ್ ಇಂಡಿಯನ್ ಎಂದು ಕರೆದುಕೊಳ್ಳುವ, ಮನೆಯಲ್ಲಿ ಮರಾಠಿಯದೇ ಒಂದು ಬಗೆ ಮಾತಾಡುವ ಕ್ರೈಸ್ತರ ಹಳ್ಳಿಗಳಲ್ಲಿ ರಣವಾರ್ ಒಂದು. ಮರದ ಜಗಲಿ, ಹೊರಗಿನಿಂದ ಹತ್ತುವ ಮೆಟ್ಟಿಲು, ಹಂಚಿನ ಮಾಡು. ತಿರುವಿನಲ್ಲೆಲ್ಲ ಶಿಲುಬೆಗಳು. 1896ರ ಪ್ಲೇಗಿನ ಕಾಲದಲ್ಲಿ ರಕ್ಷಣೆ ಬೇಡಿ ನಿಲ್ಲಿಸಿದವೂ ಅವುಗಳಲ್ಲಿವೆ. ಗೋಡೆಗಳ ಮೇಲೆ ಬಣ್ಣದ ಚಿತ್ರಗಳು. ಹಿಂದಿನ ಸಲ ಕಂಡ ಕೆಲವು ಮನೆಗಳ ಜಾಗದಲ್ಲಿ ಈಗ ತಗಡಿನ ಬೇಲಿ, ಬೇಲಿಯ ಮೇಲೆ ಬರಲಿರುವ ಕಟ್ಟಡದ ಚಿತ್ರ.

2010ರ ಜನವರಿಯಲ್ಲಿ ಅಪ್ಪ, ಅಮ್ಮ, ತಂಗಿ ಕುಮಟಾದಿಂದ ಮತ್ಸ್ಯಗಂಧಾ ಹತ್ತಿ ಬಂದಾಗ ಇದೇ ದಾರಿಯಲ್ಲಿ ಅವರನ್ನು ನಡೆಸಿದ್ದೆ. ಆ ಮಧ್ಯಾಹ್ನ ಇಲ್ಲಿ ತೆಗೆದ ಫೋಟೋಗಳನ್ನು ಈಗ ನೋಡಿದರೂ ಜಿ10 ಮೇಲೆ ಪ್ರೀತಿ ಬರುತ್ತದೆ. ಐಎಸ್‌ಓ 80, ಒಳ್ಳೆಯ ಬಿಸಿಲು. ಜಗಲಿಯ ಮರದ ಗೆರೆಗಳು, ಶಿಲುಬೆಯ ಮೇಲಿನ ಅಕ್ಷರಗಳು, ಅಮ್ಮನ ಸೀರೆಯ ಅಂಚು, ಎಷ್ಟು ಹಿಗ್ಗಿಸಿದರೂ ಸ್ಪಷ್ಟ. ಬಿಸಿಲಿನಲ್ಲಿ ಅದು ಯಾವ ದೊಡ್ಡ ಕ್ಯಾಮೆರಾಕ್ಕೂ ಸೋಲುತ್ತಿರಲಿಲ್ಲ.

ಅಲ್ಲಿಂದ ಮೌಂಟ್ ಮೇರಿಗೆ ಏರು ದಾರಿ. ಇಗರ್ಜಿಯ ಎದುರಿನ ಅಂಗಡಿಗಳಲ್ಲಿ ಮೇಣದ ಕೈ, ಕಾಲು, ಮನೆ, ಮಗು. ಯಾವುದು ಬೇಕೋ ಆ ಆಕಾರದ ಹರಕೆ. ‘ನಮ್ಮಲ್ಲಿ ಬೆಳ್ಳಿಯಲ್ಲಿ ಮಾಡಿಸ್ತಾರೆ, ಇಲ್ಲಿ ಮೇಣ, ಅಷ್ಟೇ’ ಎಂದಿದ್ದರು ಅಪ್ಪ. ಮೆಟ್ಟಿಲಿಳಿದರೆ ಬ್ಯಾಂಡ್‌ಸ್ಟ್ಯಾಂಡ್, ಎದುರಿಗೆ ಸಮುದ್ರ.

ಅಪ್ಪ ಹೈಸ್ಕೂಲು ಮೇಷ್ಟ್ರು, ಓದುವ ಹುಚ್ಚು. ಯಶವಂತ ಚಿತ್ತಾಲರು ನಮ್ಮ ಕುಮಟಾ ತಾಲೂಕಿನ ಹನೇಹಳ್ಳಿಯವರು; ‘ಶಿಕಾರಿ’ ಬರೆದವರು; ಇದೇ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸಮುದ್ರದೆದುರಿನ ಮನೆಯಲ್ಲಿ ಇದ್ದರು. ಅಪ್ಪ ಅಂದು ಎರಡು ಸಲ ಕೇಳಿದ್ದರು: ‘ತಮಾ, ಚಿತ್ತಾಲರ ಮನೆ ಇಲ್ಲೇ ಎಲ್ಲೋ ಬರ್ತದಲ್ಲ?’ ಮನೆಯೊಳಗೆ ಹೋಗುವ ಆಸೆಯೇನೂ ಇರಲಿಲ್ಲ ಅವರಿಗೆ, ಹೊರಗಿನಿಂದ ನೋಡಿದರೆ ಸಾಕಿತ್ತು. ನನಗೆ ಬೆಳಕಿನ ಚಿಂತೆ. ಸೂರ್ಯ ಮುಳುಗುವುದರೊಳಗೆ ಕೋಟೆ ತಲುಪಬೇಕು. ‘ಆಮೇಲೆ ನೋಡೋಣ ಅಪ್ಪಾ’ ಎಂದು ಮುಂದೆ ಮುಂದೆ ನಡೆದೆ.

ಬಾಂದ್ರಾ ಕೋಟೆ ಎಂದರೆ 1640ರಲ್ಲಿ ಪೋರ್ಚುಗೀಸರು ಮಾಹಿಮ್ ಕೊಲ್ಲಿಯ ಮೇಲೆ ಕಣ್ಣಿಡಲು ಕಟ್ಟಿದ ಕಾಸ್ಟೆಲಾ ಡಿ ಅಗ್ವಾಡಾ. ಹಡಗುಗಳಿಗೆ ಸಿಹಿನೀರು ಸಿಗುತ್ತಿದ್ದ ತಾಣವಾದ್ದರಿಂದ ಅಗ್ವಾಡಾ. ಈಗ ಉಳಿದಿರುವುದು ಕೆಲವು ಗೋಡೆ, ಒಂದು ದ್ವಾರ, ಅವುಗಳ ನಡುವೆ ಪ್ರೇಮಿಗಳು. ಎದುರಿಗೆ 5.6 ಕಿಲೋಮೀಟರಿನ ಬಾಂದ್ರಾ-ವರ್ಲಿ ಸೀ ಲಿಂಕ್. 2009ರ ಜೂನ್ 30ರಂದು ಉದ್ಘಾಟನೆಯಾಗಿದ್ದ ಅದು ಆಗ ಇಡೀ ದೇಶಕ್ಕೆ ಹೊಸತು. ಅದನ್ನು ತೋರಿಸಬೇಕೆಂದೇ ಅಪ್ಪ ಅಮ್ಮನನ್ನು ಕರೆಸಿದ್ದೆ.

ಸಂಜೆ ಆರೂವರೆ. ಕಂಬಗಳ ಹಿಂದೆ ಆಕಾಶ ನೇರಳೆಯಾಗಿತ್ತು. ಅಮ್ಮ, ತಂಗಿಯನ್ನು ನಿಲ್ಲಿಸಿ ಐಎಸ್‌ಓ 800ಕ್ಕೆ ಏರಿಸಿ ಕ್ಲಿಕ್ಕಿಸಿದೆ. ರಾತ್ರಿ ರೂಮಿಗೆ ಬಂದು ಲ್ಯಾಪ್‌ಟಾಪಿನಲ್ಲಿ ತೆರೆದಾಗ ಎದೆ ಒಡೆಯಿತು. ಆಕಾಶದ ತುಂಬ ರವೆ ಚೆಲ್ಲಿದಂತೆ ಬಣ್ಣದ ಚುಕ್ಕೆ, ಮುಖಗಳ ಮೇಲೂ ಅದೇ.

ಕಾರಣ ತಿಳಿದದ್ದು ನಿಧಾನವಾಗಿ. ನಮ್ಮೂರಿನ ಅಂಗಳದ ಲೆಕ್ಕದಲ್ಲೇ ಹೇಳುತ್ತೇನೆ. ಮಳೆನೀರು ಹಿಡಿಯಲು ಅಂಗಳದಲ್ಲಿ ಹತ್ತು ಕೊಡಪಾನ ಇಡಬಹುದು, ಅಥವಾ ಅಷ್ಟೇ ಜಾಗದಲ್ಲಿ ನೂರು ಲೋಟ ಇಡಬಹುದು. ಆಷಾಢದ ಜಡಿಮಳೆಯಲ್ಲಿ ಲೋಟವೂ ತುಂಬುತ್ತದೆ, ಎಲ್ಲವೂ ಸಮ. ತುಂತುರು ಬಂದರೆ ಒಂದು ಲೋಟಕ್ಕೆ ಎರಡು ಹನಿ, ಪಕ್ಕದ್ದಕ್ಕೆ ಐದು. ಆ ಏರುಪೇರೇ ಫೋಟೋದಲ್ಲಿ ಕಾಣುವ ಚುಕ್ಕೆ. ಐಎಸ್‌ಓ ಏರಿಸುವುದೆಂದರೆ ಹನಿ ಹೆಚ್ಚಿಸುವುದಲ್ಲ, ಇರುವ ಹನಿಯನ್ನೇ ಗುಣಿಸಿ ತೋರಿಸುವುದು. ಏರುಪೇರೂ ಗುಣಿಸಿ ಬರುತ್ತದೆ. ಜಿ10ರ ಸೆನ್ಸರ್ ಸುಮಾರು 7.6 ಮಿ.ಮೀ. ಅಗಲ, 5.7 ಮಿ.ಮೀ. ಎತ್ತರ. ಕಿರುಬೆರಳಿನ ಉಗುರಿನಷ್ಟು ಜಾಗದಲ್ಲಿ ಒಂದು ಕೋಟಿ ನಲವತ್ತೇಳು ಲಕ್ಷ ಲೋಟ. ಜಿ11 ಮಾಡಿದವರು ಅಷ್ಟೇ ಅಂಗಳದಲ್ಲಿ ಲೋಟ ತೆಗೆದು ಸ್ವಲ್ಪ ದೊಡ್ಡ ಪಾತ್ರೆ ಇಟ್ಟಿದ್ದರು. ತಿರುಗುವ ಪರದೆಯನ್ನೂ ವಾಪಸು ತಂದಿದ್ದರು. ಹಿಂದೆ ಹೆಜ್ಜೆ ಇಟ್ಟದ್ದೇ ಸುಧಾರಣೆಯಾಗಿತ್ತು. ಟೋಪಿ ಬಿದ್ದದ್ದು ನನಗೇ.

ಆ ಸರಣಿ ಮುಂದೆ ಅಂಗಳವನ್ನೇ ದೊಡ್ಡದು ಮಾಡುತ್ತ ಹೋಯಿತು. 2012ರ ಜಿ1 ಎಕ್ಸ್‌ನಲ್ಲಿ ಸೆನ್ಸರ್ ಆರು ಪಟ್ಟು ದೊಡ್ಡದು. ಅದೇ ವರ್ಷ ಸೋನಿಯ ಆರ್‌ಎಕ್ಸ್100 ಒಂದು ಇಂಚಿನ ಸೆನ್ಸರನ್ನು ಅಂಗಿ ಜೇಬಿನೊಳಗೆ ತಂದಿತು. 2014ರಲ್ಲಿ ಜಿ7 ಎಕ್ಸ್ ಅದಕ್ಕೆ ಉತ್ತರ. 2017ರ ಜಿ1 ಎಕ್ಸ್ ಮಾರ್ಕ್ 3ರಲ್ಲಿ ಡಿಎಸ್‌ಎಲ್‌ಆರ್‌ಗಳಲ್ಲಿರುವಷ್ಟೇ ದೊಡ್ಡ ಸೆನ್ಸರ್. ಅಷ್ಟರಲ್ಲಿ ಕೊಳ್ಳುವವರೇ ಫೋನಿಗೆ ಹೋಗಿಬಿಟ್ಟಿದ್ದರು. 2010ರಲ್ಲಿ ಜಪಾನಿ ಕಂಪನಿಗಳು ಹತ್ತು ಕೋಟಿಗೂ ಹೆಚ್ಚು ಕಾಂಪ್ಯಾಕ್ಟ್ ಕ್ಯಾಮೆರಾ ರವಾನಿಸಿದ್ದವು. 2023ರಲ್ಲಿ ಅದು 20 ಲಕ್ಷಕ್ಕೂ ಕಡಿಮೆ. ನಾನೂ ಆ ದೊಡ್ಡ ಗುಂಪಿನ ಜೊತೆಗೇ ಹೋದವನು. ಜಿ10 ಕಪಾಟು ಸೇರಿತು.

2017ರಲ್ಲಿ ಅಪ್ಪ ಹೋದರು. ಹನ್ನೆರಡನೆಯ ದಿನಕ್ಕೆ ಇಡಲು ಒಂದು ಒಳ್ಳೆಯ ಫೋಟೋ ಬೇಕೆಂದು ಹಾರ್ಡ್ ಡಿಸ್ಕ್ ಪೂರ್ತಿ ಹುಡುಕಿದೆ. ಸಾವಿರಾರು ಚಿತ್ರ, ಅಪ್ಪ ಇಲ್ಲ. ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ, ಎಲ್ಲರ ಚೀಲ, ನೀರಿನ ಬಾಟಲಿ ಹಿಡಿದುಕೊಂಡು ‘ನೀವು ನಿಲ್ಲಿ’ ಎಂದು ಪಕ್ಕಕ್ಕೆ ಸರಿಯುವವರು. ನಮ್ಮಲ್ಲಿ ಅದು ಅಪ್ಪ.

ಕೊನೆಗೆ ಸಿಕ್ಕಿದ್ದು ಆ ಹಾಳಾದ ಕೋಟೆಯ ಫೋಟೋದಲ್ಲಿ. ಕತ್ತಲಲ್ಲಿ ಕೈ ಅಲುಗದಿರಲೆಂದು ಪರದೆ ಬಿಟ್ಟು, ಕ್ಯಾಮೆರಾವನ್ನು ಹಣೆಗೆ ಒತ್ತಿ, ಕಿಂಡಿಯಲ್ಲಿ ನೋಡಿ ತೆಗೆದದ್ದು ಅದು. ಜಿ10ರ ಕಿಂಡಿ ಬರೀ ಗಾಜಿನದು, ಚೌಕಟ್ಟಿನ ಸುಮಾರು ಮುಕ್ಕಾಲು ಭಾಗ ಮಾತ್ರ ತೋರಿಸುತ್ತದೆ. ಉಳಿದ ಅಂಚು ನಮಗೆ ಕಾಣದೆಯೇ ಫೋಟೋದೊಳಗೆ ಬರುತ್ತದೆ. ಅಮ್ಮ, ತಂಗಿ ನಡುವಿನಲ್ಲಿ; ಎಡಗಡೆಯ ಅಂಚಿನಲ್ಲಿ, ನಾನು ನೋಡಿಯೇ ಇರದಿದ್ದ ಜಾಗದಲ್ಲಿ, ಎರಡು ಚೀಲ ಹಿಡಿದ ಅಪ್ಪ. ಮುಖ ಕ್ಯಾಮೆರಾದತ್ತಲೇ ಇದೆ, ಆದರೆ ಕಣ್ಣು ನನ್ನ ಮೇಲಿಲ್ಲ. ನನ್ನ ಹೆಗಲ ಮೇಲಿಂದ ಹಿಂದಕ್ಕೆಲ್ಲೋ ನೋಡುತ್ತಿದ್ದಾರೆ. ದೇಶವೆಲ್ಲ ನೋಡಲು ಬಂದ ಸೇತುವೆಗೆ ಬೆನ್ನು ಹಾಕಿದ್ದಾರೆ.

ಮುಖವನ್ನು ಹಿಗ್ಗಿಸಿದೆ. ಬರೀ ರವೆ. ಜಿ11 ಇದ್ದಿದ್ದರೂ ಕಟ್ಟು ಹಾಕಿಸುವಷ್ಟು ಚೊಕ್ಕ ಬರುತ್ತಿರಲಿಲ್ಲ ಎಂದು ಈಗ ಗೊತ್ತು. ಅಂದು ಮಾತ್ರ ಆ ಕ್ಯಾಮೆರಾವನ್ನೂ ನನ್ನನ್ನೂ ಬೈದುಕೊಂಡೆ. ಮನೆಯ ಗೋಡೆಯ ಮೇಲೆ ಇವತ್ತಿಗೂ ಇರುವುದು ಅಪ್ಪನ ಮತದಾರರ ಚೀಟಿಯ ಫೋಟೋ ದೊಡ್ಡದು ಮಾಡಿಸಿದ್ದು.

ಈ ಸಲ ಕೋಟೆಯಲ್ಲಿ ಅದೇ ಜಾಗ ಹುಡುಕುವುದು ಕಷ್ಟವಾಗಲಿಲ್ಲ. ಲ್ಯಾಪ್‌ಟಾಪಿನಲ್ಲಿ ಆ ಫೋಟೋ ತೆರೆದು, ಗೋಡೆಯ ಕಲ್ಲು, ಸೇತುವೆಯ ಕಂಬ ಹೊಂದಿಸಿ ನಿಂತೆ. ಆಮೇಲೆ ಅಪ್ಪ ನಿಂತಿದ್ದ ಕಡೆ ಹೋಗಿ ಸೇತುವೆಗೆ ಬೆನ್ನು ಹಾಕಿ ನೋಡಿದೆ. ಕಂಡದ್ದು ಬ್ಯಾಂಡ್‌ಸ್ಟ್ಯಾಂಡಿನ ಕಡೆಯ ಕಟ್ಟಡಗಳು. ಹಳೆಯವು ಕೆಲವು, ಅವುಗಳ ತಲೆ ಮೇಲೆ ಹೊಸ ಗೋಪುರಗಳು. ಕಿಟಕಿಗಳಲ್ಲಿ ಒಂದೊಂದಾಗಿ ದೀಪ ಹತ್ತುತ್ತಿತ್ತು. ‘ಆಮೇಲೆ ನೋಡೋಣ’ ಎಂದು ನಾನು ಹೇಳಿದ್ದನ್ನು ಅಪ್ಪ ನಂಬಿರಲಿಲ್ಲ. ಇದ್ದಲ್ಲಿಂದಲೇ ನೋಡಿಕೊಂಡಿದ್ದರು.

ಆಗ ಚಿತ್ತಾಲರು ಇದ್ದರು. ಅವರು ಹೋದದ್ದು 2014ರಲ್ಲಿ. ಯಾವ ಕಟ್ಟಡ ಎಂದು ಈಗ ಯಾರನ್ನೂ ಕೇಳಲಿಲ್ಲ. ಐಎಸ್‌ಓ 800ಕ್ಕೇ ಇಟ್ಟು, ಕಿಂಡಿಯಲ್ಲಿ ಕಣ್ಣಿಟ್ಟು, ಆ ಕಿಟಕಿಗಳ ಒಂದು ಫೋಟೋ ತೆಗೆದೆ.

ಜಿ10ಕ್ಕೆ ವೈಫೈ ಇಲ್ಲ. ಪುಣೆಗೆ ಬಂದು ಕಾರ್ಡ್ ರೀಡರ್ ಹುಡುಕಿ, ಫೋನಿಗೆ ಹಾಕಿ ಅಮ್ಮನಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನು ಬಂತು.

‘ಬಾಂದ್ರಾಕ್ಕೆ ಹೋಗಿ ಇದನ್ನು ತೆಗ್ದಿದ್ಯಾ? ಸೇತುವೆ ಎಲ್ಲಿ? ಏನೂ ಕಾಣೂದೇ ಇಲ್ಲ, ಬರೀ ಚುಕ್ಕೆ.’

ಹೌದಮ್ಮಾ, ಕ್ಯಾಮೆರಾ ಹಳೆಯದು ಎಂದೆ. ಮುಂದಿನ ಸಲ ಊರಿಗೆ ಹೋದಾಗ ಅವಳಿಗೆ ಆ ಎರಡೂ ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು.